ಸೋರುವ ಮಾಳಿಗೆಯೂ ಗಿಟಾರಿನ ತಂತಿಯೂ

ಕೆಲವು ವರ್ಷಗಳ ಹಿಂದಿನ ಒಂದು ಶ್ರಾವಣ ಸೋಮವಾರದ ರಾತ್ರಿ. ಉಗಾರ ಖುರ್ದದ ನಮ್ಮ ಓಣಿಯ ಗುಡಿಯಲ್ಲಿ ಭಜನೆ ಮುಗಿದಿತ್ತು. ತಾಳಗಳು ಚೀಲ ಸೇರಿದ್ದವು, ದಮ್ಮಡಿ ಗೂಟಕ್ಕೇರಿತ್ತು. ಹೊರಗೆ ಜಿಟಿಜಿಟಿ ಮಳೆ ಹಿಡಿದಿದ್ದುದರಿಂದ ಮನೆಗೆ ಹೊರಡಲಾರದೆ ಹತ್ತು-ಹನ್ನೆರಡು ಜನ ಚಹ ಕುಡಿಯುತ್ತ ಕುಳಿತಿದ್ದೆವು. ಬೆಂಗಳೂರಿನಲ್ಲಿ ಓದುತ್ತಿದ್ದ ಒಬ್ಬ ತರುಣ ರಜೆಗೆಂದು ಊರಿಗೆ ಬಂದಿದ್ದ. ಆತ ತನ್ನ ಮೊಬೈಲನ್ನು ತೆರೆದು, "ನೀವು ಈಗ ಹಾಡಿದ ಪದಾನ ಇಲ್ಲೊಬ್ಬರು ಗಿಟಾರಿನ ಮ್ಯಾಲ ಹಾಡ್ಯಾರ, ಕೇಳ್ರಿ ಕಾಕಾ" ಎಂದು ಹಿರಿಯ ಭಜನಕಾರರೊಬ್ಬರ ಮುಂದೆ ಹಿಡಿದ. ಅದು ಶಿಶುನಾಳ ಶರೀಫರ ಸೋರುವ ಮಾಳಿಗೆಯ ಪದ. ಹಾಡಿದವರು ರಘು ದೀಕ್ಷಿತ್. ಹಿರಿಯರು ಕಣ್ಣು ಮುಚ್ಚಿ ಪೂರ್ತಿಯಾಗಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಚಲೋ ಹಾಡ್ಯಾನ ಬಿಡ್ರಿ ಮಾಸ್ತರ. ಆದರ ಸೋರೂ ಮಾಳಿಗಿ ಕೆಳಗ ಒಂದ ರಾತ್ರಿಯಾದರೂ ಮಲಗ್ಯಾನೇನು?" ಎಂದು ಕೇಳಿದರು.

ಈ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಮೇಲ್ನೋಟಕ್ಕೆ ಇದು ಹಳಬರು ಹೊಸಬರ ಮೇಲೆ ಹಾಕುವ ಸವಾಲಿನಂತೆ ತೋರುತ್ತದೆ. ಆದರೆ ಅದರ ಒಡಲಲ್ಲಿ ದೊಡ್ಡದೊಂದು ವಿಚಾರ ಅಡಗಿದೆ. ಒಂದು ಹಾಡು ತಾನು ಹುಟ್ಟಿದ ಮಣ್ಣನ್ನೂ ಮನೆಯನ್ನೂ ವಾದ್ಯವನ್ನೂ ಬಿಟ್ಟು ಮತ್ತೊಂದು ಕಡೆಗೆ ಹೋದಾಗ, ಅದರ ಅರ್ಥ ಜೊತೆಗೆ ಹೋಗುತ್ತದೆಯೆ? ಧಾಟಿ ಮಾತ್ರ ಹೋಗಿ ಅರ್ಥ ಊರಲ್ಲಿಯೇ ಉಳಿಯುತ್ತದೆಯೆ? ಈ ಪ್ರಶ್ನೆಯನ್ನು ಹಿಡಿದು ಆ ಹಾಡು ಸೇರಿಕೊಂಡ ಆಲ್ಬಮ್ಮನ್ನೂ ಅದರ ಮನೆತನವನ್ನೂ ಸ್ವಲ್ಪ ವಿಚಾರಿಸೋಣ.

ರಘು ದೀಕ್ಷಿತ್ ಅವರು 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಓದಿದ್ದು ಸೂಕ್ಷ್ಮಜೀವಿ ಶಾಸ್ತ್ರ, ಕಲಿತದ್ದು ಭರತನಾಟ್ಯ. ಗಿಟಾರು ಮಾತ್ರ ಗುರುವಿಲ್ಲದೆ ಕೈಗೆ ಬಂದದ್ದು. ಅವರ ಮೊದಲ ಆಲ್ಬಮ್ ಅವರದೇ ಹೆಸರು ಹೊತ್ತು 2008ರಲ್ಲಿ ಹೊರಬಂತು. ಅದಕ್ಕೆ ಮೊದಲು ಹಲವು ವರ್ಷ ಧ್ವನಿಮುದ್ರಣದ ಕಂಪನಿಗಳ ಬಾಗಿಲು ತಟ್ಟಿದ್ದಾಗಿತ್ತು. ಕೊನೆಗೆ ಮುಂಬಯಿಯ ಚಿತ್ರಸಂಗೀತದ ಜೋಡಿ ವಿಶಾಲ್-ಶೇಖರ್ ಇವರ ಹಾಡನ್ನು ಕೇಳಿ, ತಮ್ಮ ಸಂಸ್ಥೆಯಿಂದಲೇ ಪ್ರಕಟಿಸಿದರು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಭಾಷೆಯ ಹಾಡುಗಳು ಅದರಲ್ಲಿವೆ. ಹಿಂದಿ ಪದಗಳ ರಚನೆಯಲ್ಲಿ ಬೇರೆಯವರ ಕೈಯೂ ಉಂಟು. ಕನ್ನಡಕ್ಕೆ ಬಂದರೆ, ಅಲ್ಲಿರುವ ಎರಡೂ ಪದಗಳು ಶರೀಫರವು: ಒಂದು ಮಾಳಿಗೆಯದು, ಇನ್ನೊಂದು ಗುಡಗುಡಿಯದು. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೊರಳಿಗೆ ಗಿಟಾರು ತೂಗುಹಾಕಿ ನಿಲ್ಲುವ ಈ ಗಾಯಕರು 2010ರಲ್ಲಿ ಇಂಗ್ಲೆಂಡಿನ ಬಿಬಿಸಿ ದೂರದರ್ಶನದ ಜೂಲ್ಸ್ ಹಾಲೆಂಡ್ ಅವರ ಪ್ರಸಿದ್ಧ ಕಾರ್ಯಕ್ರಮದಲ್ಲಿ ಹಾಡಿದರು. ಮರುವರ್ಷ ಅಲ್ಲಿಯ ಸಾಂಗ್‌ಲೈನ್ಸ್ ಪತ್ರಿಕೆ ಅವರಿಗೆ ಉತ್ತಮ ಹೊಸಬರೆಂಬ ಪ್ರಶಸ್ತಿಯನ್ನಿತ್ತಿತು. ಹೀಗೆ ಶಿಗ್ಗಾವಿ ಸೀಮೆಯ ಪದವೊಂದು ಲುಂಗಿ ಉಟ್ಟುಕೊಂಡೇ ಸಮುದ್ರ ದಾಟಿತು.

ಇಂಥ ಸಂಗೀತಕ್ಕೆ ಪಶ್ಚಿಮದಲ್ಲಿ ಒಂದು ವಂಶಾವಳಿ ಇದೆ. ಅದನ್ನು ತಿಳಿಯದೆ ಈ ಆಲ್ಬಮ್ಮಿನ ಸ್ವಭಾವ ಅರ್ಥವಾಗುವುದು ಕಷ್ಟ. ಅಮೆರಿಕದ ದಕ್ಷಿಣ ಸೀಮೆಯ ಹಳ್ಳಿಗರು ಪಿಟೀಲು, ಬ್ಯಾಂಜೋ, ಗಿಟಾರುಗಳ ಮೇಲೆ ಹಾಡುತ್ತ ಬಂದ ಹಾಡುಗಳಿಗೆ ಅಲ್ಲಿ 'ಕಂಟ್ರಿ' ಎಂಬ ಹೆಸರು. ನಮ್ಮ ಮಾತಿನಲ್ಲಿ ಅದು 'ಹಳ್ಳಿಗಾಡಿನ ಧಾಟಿ'. ಹೊಲ, ರೈಲು, ಬಿಟ್ಟುಹೋದ ಹೆಂಡತಿ, ದೇವರು, ಸಾಲ ಇವೇ ಅದರ ವಸ್ತುಗಳು. 'ರಾಕ್' ಎಂಬುದು 1950ರ ದಶಕದಲ್ಲಿ ಎದ್ದ ಅಬ್ಬರದ ಸಂಗೀತ. ವಿದ್ಯುತ್ ಗಿಟಾರು, ಬಿರುಸಾದ ಡ್ರಮ್ಮು, ಹರೆಯದ ಸಿಟ್ಟು ಅದರ ಲಕ್ಷಣ. 1960ರ ದಶಕದ ಕೊನೆಗೆ ಈ ಅಬ್ಬರದಲ್ಲಿದ್ದವರಲ್ಲಿಯೇ ಕೆಲವರಿಗೆ ಆಯಾಸವಾದಂತೆ ಕಾಣುತ್ತದೆ. ಅವರು ಹಿಂದಿರುಗಿ ಹಳ್ಳಿಯ ಧಾಟಿಯ ಕಡೆ ನೋಡಿದರು. 1968ರಲ್ಲಿ ಬರ್ಡ್ಸ್ ಎಂಬ ಮೇಳದವರು, 1969ರಲ್ಲಿ ಬಾಬ್ ಡಿಲನ್ ಅವರು ಈ ಹಾದಿಯಲ್ಲಿ ಹೆಜ್ಜೆಯಿಟ್ಟರು. ಡಿಲನ್ ಅವರ ಆಲ್ಬಮ್ಮಿನ ಹೆಸರಿನಲ್ಲಿಯೇ ಹಳ್ಳಿಗಾಡಿನ ಸಂಗೀತದ ರಾಜಧಾನಿಯಾದ ನ್ಯಾಶ್‌ವಿಲ್ ಪಟ್ಟಣದ ಹೆಸರಿದೆ. ಮುಂದೆ 2016ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕ ಸಂದದ್ದೂ ಇದೇ ಡಿಲನ್ ಅವರಿಗೆ.

ಈ ಸಂಗಮದ ಅತ್ಯಂತ ಪ್ರಸಿದ್ಧ ಫಲಗಳಲ್ಲೊಂದು, ಕೆನಡಾದಲ್ಲಿ ಹುಟ್ಟಿದ ನೀಲ್ ಯಂಗ್ ಅವರು 1972ರಲ್ಲಿ ಹೊರತಂದ 'ಹಾರ್ವೆಸ್ಟ್', ಅಂದರೆ 'ಸುಗ್ಗಿ'. ಅದನ್ನು ಸಿದ್ಧಗೊಳಿಸುವ ಕಾಲಕ್ಕೆ ಅವರಿಗೆ ಬೆನ್ನುನೋವು ವಿಪರೀತವಾಗಿತ್ತು. ಭಾರವಾದ ವಿದ್ಯುತ್ ಗಿಟಾರನ್ನು ಹೊತ್ತು ನಿಲ್ಲುವುದು ಕಷ್ಟವಾಗಿ, ಕುಳಿತುಕೊಂಡು ಮರದ ಗಿಟಾರನ್ನು ಮೀಟುತ್ತ ಹಾಡಿದರು. ಕೆಲವು ಹಾಡುಗಳನ್ನು ನ್ಯಾಶ್‌ವಿಲ್ಲಿನಲ್ಲಿ, ಕೆಲವನ್ನು ಕ್ಯಾಲಿಫೋರ್ನಿಯಾದ ತಮ್ಮ ಜಮೀನಿನ ಕಣಜದ ಮನೆಯಲ್ಲಿ ಮುದ್ರಿಸಿಕೊಂಡರು. ಕೆನ್ನಿ ಬಟ್ರಿ ಅವರ ಡ್ರಮ್ಮಿನ ಪೆಟ್ಟುಗಳು ತೀರ ಮಿತ. ಬೆನ್ ಕೀತ್ ಅವರ ಸ್ಟೀಲ್ ಗಿಟಾರು ಸ್ವರದಿಂದ ಸ್ವರಕ್ಕೆ ಜಾರುವಾಗ, ಹಿಂದುಸ್ತಾನಿ ಸಂಗೀತವನ್ನು ಬಲ್ಲ ನಮ್ಮ ಸೀಮೆಯ ಕಿವಿಗೆ ಮೀಂಡಿನ ನೆನಪಾಗದೆ ಇರದು. ಅಲ್ಲಿಯ ವಿಮರ್ಶಕರಲ್ಲಿ ಹಲವರು ಮೊದಲಿಗೆ ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. ಬಹಳ ಸಡಿಲ, ಬಹಳ ಸರಳ ಎಂದರು. ಕೇಳುಗರು ಬೇರೆ ತೀರ್ಪು ಕೊಟ್ಟರು. ಆ ವರ್ಷ ಅಮೆರಿಕದಲ್ಲಿ ಅತ್ಯಧಿಕವಾಗಿ ಮಾರಾಟವಾದ ಆಲ್ಬಮ್ಮು ಅದೇ ಆಯಿತು.

ಈ ಸಡಿಲತೆಯನ್ನು ನಾವು ತಪ್ಪಾಗಿ ತಿಳಿಯಬಾರದು. ಅದು ಸೋಮಾರಿತನವಲ್ಲ, ಅಭ್ಯಾಸದ ಕೊರತೆಯೂ ಅಲ್ಲ. ಎಷ್ಟು ನುಡಿಸಬೇಕೆಂಬುದಕ್ಕಿಂತ ಎಷ್ಟನ್ನು ನುಡಿಸದೆ ಬಿಡಬೇಕೆಂಬುದನ್ನು ಬಲ್ಲವರ ಲಕ್ಷಣ ಅದು. ಹಾಡುವವನು ಕೇಳುಗನನ್ನು ಹಿಡಿದೆಳೆಯುವುದಿಲ್ಲ. ಕಟ್ಟೆಯ ಮೇಲೆ ಪಕ್ಕದಲ್ಲಿ ಕುಳಿತು ಮಾತಾಡುವಂತೆ ಹಾಡುತ್ತಾನೆ. ಪದ ಬರೆದವನೇ, ಧಾಟಿ ಹಾಕಿದವನೇ, ಹಾಡುವವನೇ ಒಬ್ಬನಾಗಿರುವುದರಿಂದ ಈ ಸಲಿಗೆ ಸಾಧ್ಯವಾಗುತ್ತದೆ. ಅಮೆರಿಕದ ಸಂಗೀತ ವ್ಯಾಪಾರದಲ್ಲಿ ಬಹುಕಾಲ ಪದ ಬರೆಯುವವರು ಬೇರೆ, ಹಾಡುವವರು ಬೇರೆ ಎಂಬ ಪದ್ಧತಿ ಇತ್ತು. ಅದನ್ನು ಮುರಿದು ಒಬ್ಬನೇ ಮೂರೂ ಕೆಲಸ ವಹಿಸಿಕೊಂಡದ್ದು ಅವರಿಗೆ ದೊಡ್ಡ ಹೊಸತಾಗಿ ಕಂಡಿತು.

ನಮಗೆ ಅದು ಹೊಸತೆ? ವಚನಕಾರರು, ದಾಸರು, ತತ್ವಪದಕಾರರು ಮಾಡಿಕೊಂಡು ಬಂದದ್ದು ಇದನ್ನೇ ಅಲ್ಲವೆ? ಕೈಯಲ್ಲಿ ಏಕತಾರಿ, ಬಾಯಲ್ಲಿ ತನ್ನದೇ ಪದ, ಕೊನೆಗೆ ತನ್ನದೇ ಅಂಕಿತ. 1819ರಲ್ಲಿ ಶಿಶುವಿನಹಾಳದಲ್ಲಿ ಹುಟ್ಟಿ 1889ರಲ್ಲಿ ದೇಹಬಿಟ್ಟ ಶರೀಫರು ಇಂಥವರಲ್ಲಿ ಅಗ್ರಗಣ್ಯರು. ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿನ ಶಿಷ್ಯರಾಗಿ, ಊರ ದೇವರ ಹೆಸರನ್ನು ಅಂಕಿತವಾಗಿ ಧರಿಸಿ, ಕಂಡದ್ದರ ಮೇಲೆಲ್ಲ ಪದ ಕಟ್ಟಿದರು. ಅವರ ಪದಗಳು ಹಾಳೆಗಿಂತ ಮೊದಲು ನಾಲಗೆಯ ಮೇಲೆ ಬದುಕಿದವು. ಭಜನೆಯ ಮೇಳಗಳು ಅವುಗಳನ್ನು ಊರಿಂದೂರಿಗೆ ಹೊತ್ತವು, ಪುಸ್ತಕವಾದದ್ದು ಆಮೇಲೆ.

ಪಟ್ಟಣದ ಓದುಗರಿಗೆ ಶರೀಫರನ್ನು ತಲುಪಿಸಿದ್ದು ಸುಗಮ ಸಂಗೀತ. ಅದರ ಪದ್ಧತಿ ಬೇರೆ. ಅಲ್ಲಿ ಕವಿ ಒಬ್ಬರು, ರಾಗ ಹಾಕುವವರು ಒಬ್ಬರು, ಎಷ್ಟೋ ಸಲ ಹಾಡುವವರು ಇನ್ನೊಬ್ಬರು. ಪಿ. ಕಾಳಿಂಗರಾಯರು ನವೋದಯದ ಕವಿತೆಗಳನ್ನು ಸಭೆ ಸಭೆಗಳಲ್ಲಿ ಹಾಡಿ ಹಾದಿ ಹಾಕಿದರು. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿಯಿಂದ ಭಾವಗೀತೆ ಮನೆಮನೆಯ ಟೇಪ್ ರೆಕಾರ್ಡರಿಗೆ ಬಂತು. ಸಿ. ಅಶ್ವತ್ಥರು ಶರೀಫರ ಪದಗಳಿಗೆ ತಮ್ಮ ಎತ್ತರದ ಕಂಠವನ್ನೂ ವೃಂದದ ಬಲವನ್ನೂ ಕೊಟ್ಟರು. 1990ರಲ್ಲಿ ಟಿ.ಎಸ್. ನಾಗಾಭರಣರು ನಿರ್ದೇಶಿಸಿದ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೂ ಅಶ್ವತ್ಥರದೇ ಸಂಗೀತ. ಶ್ರೀಧರ್ ಅವರು ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿ ಕಾಣಿಸಿಕೊಂಡ ಆ ಚಿತ್ರದ ಬಳಿಕ, ಶರೀಫರೆಂದರೆ ಅಶ್ವತ್ಥರ ಧ್ವನಿ ಎಂಬಂತಾಯಿತು. ಅಶ್ವತ್ಥರದು ಆವೇಶದ ಹಾದಿ. ಅವರು ಪದವನ್ನು ಸಾವಿರಾರು ಜನ ಕೂಡಿದ ಬಯಲಿನಲ್ಲಿ ನಿಂತು ಸಾರುತ್ತಾರೆ. ದೀಕ್ಷಿತರು ಅದೇ ಮಾಳಿಗೆಯ ಪದವನ್ನು ಎತ್ತಿಕೊಂಡಾಗ ಆ ಹಾದಿಯನ್ನು ಬಿಟ್ಟು, ಕುಳಿತು ಹೇಳುವ ಧಾಟಿಯನ್ನು ಆರಿಸಿಕೊಂಡರು.

ಈಗ ಪದದ ಒಳಕ್ಕೆ ಹೋಗೋಣ. ನಗರದ ಇಂದಿನ ಓದುಗರಿಗೆ 'ಮಾಳಿಗೆ' ಎಂದರೆ ಮೇಲಂತಸ್ತು ಎನ್ನಿಸೀತು. ನಮ್ಮ ಸೀಮೆಯಲ್ಲಿ ಮಾಳಿಗೆ ಎಂದರೆ ಮಣ್ಣಿನ ಚಾವಣಿ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಿಕ್ಕ ತುಂಡುಗಳ ಹಾಸು, ಅದರ ಮೇಲೆ ದಪ್ಪನಾಗಿ ಮಣ್ಣು. ಬೇಸಗೆಯಲ್ಲಿ ಇದರಷ್ಟು ತಂಪಾದ ಸೂರು ಇನ್ನೊಂದಿಲ್ಲ. ಆದರೆ ವರ್ಷ ವರ್ಷವೂ ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ, ಬಿರುಕು ನೋಡಿ, ಹೊಸ ಮಣ್ಣು ಹಾಕಿ ತುಳಿದು ಬಿಗಿ ಮಾಡಬೇಕು. ಒಂದು ವರ್ಷ ಆಲಸ್ಯ ಮಾಡಿದರೆ ಸಾಕು, ಮಳೆಯ ನೀರು ಹಾದಿ ಹುಡುಕಿಕೊಳ್ಳುತ್ತದೆ. ಮೊದಲು ಒಂದು ಮೂಲೆಯಲ್ಲಿ ತಟಕು, ಅದರ ಕೆಳಗೆ ಒಂದು ಪಾತ್ರೆ. ಆಮೇಲೆ ಇನ್ನೊಂದು ಮೂಲೆ, ಇನ್ನೊಂದು ಪಾತ್ರೆ. ನಡುರಾತ್ರಿ, ಕತ್ತಲೆಯಲ್ಲಿ, ಸುರಿಯುವ ಮಳೆಯಲ್ಲಿ, ಒದ್ದೆ ಮಣ್ಣಿನ ಮೇಲೆ ಹತ್ತಿ ದುರಸ್ತಿ ಮಾಡುವುದು ಯಾರಿಂದಲೂ ಆಗದ ಕೆಲಸ. ಮಾಡಬೇಕಾಗಿದ್ದ ಕಾಲದಲ್ಲಿ ಮಾಡಲಿಲ್ಲ. ಮಾಡಬೇಕೆನ್ನಿಸಿದಾಗ ಕಾಲ ಮೀರಿದೆ. ಶರೀಫರು ಹಿಡಿದದ್ದು ಈ ಕ್ಷಣವನ್ನು. ಅವರ ಪದದಲ್ಲಿ ಮಾಳಿಗೆ ಸೋರುವುದಕ್ಕೆ ಕಾರಣ ಅಜ್ಞಾನ. ಮನೆ ಎಂದರೆ ನಾವೇ. ಬಾಳೆಂಬುದು ಸೋರತೊಡಗಿದಾಗ ಮೇಲೆ ಹತ್ತಬಲ್ಲವರು ಯಾರು ಎಂಬುದು ಪದದ ಒಳಗಿನ ಅಳಲು.

ಗುಡಗುಡಿಯ ಪದವೂ ಹೀಗೆಯೇ. ಗುಡಗುಡಿ ಎಂದರೆ ಹುಕ್ಕಾ. ಚಟದ ವಸ್ತುವನ್ನೇ ಸಾಧನೆಯ ವಸ್ತುವಾಗಿ ಮಾಡುವುದು ಶರೀಫರ ಚಮತ್ಕಾರ. ಮನಸ್ಸು ಇಲ್ಲಿ ಸಂಚಿ, ಮೋಹ ಕೊಚ್ಚಬೇಕಾದ ಸೊಪ್ಪು, ಬುದ್ಧಿ ಮೇಲಿಡಬೇಕಾದ ಕೆಂಡ. ಕೇಳಿದವನು ಮೊದಲು ನಗುತ್ತಾನೆ. ಮನೆಗೆ ಹೋಗುವ ಹಾದಿಯಲ್ಲಿ ಯೋಚಿಸುತ್ತಾನೆ. ಗಟ್ಟಿಯಾದ ಅರ್ಥವನ್ನು ಹಗುರಾದ ನಡೆಯಲ್ಲಿಟ್ಟು ಕೊಡುವುದು ತತ್ವಪದದ ಹಳೆಯ ಗುಟ್ಟು. ಧಾಟಿ ಸಲೀಸಾಗಿರುವುದರಿಂದ ಪದ ನೆನಪಿನಲ್ಲಿ ನಿಲ್ಲುತ್ತದೆ. ನೆನಪಿನಲ್ಲಿ ನಿಂತದ್ದರಿಂದ ಅರ್ಥ ಎಂದೋ ಒಂದು ದಿನ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ನೀಲ್ ಯಂಗ್ ಮೊದಲಾದವರ ಸಡಿಲ ಧಾಟಿಗೂ ನಮ್ಮ ಭಜನೆಯ ನಡೆಗೂ ಇರುವ ನಂಟು ಇದೇ ಎಂದು ನನ್ನ ಎಣಿಕೆ.

ಆದರೆ ವಾದ್ಯ ಬದಲಾದಾಗ ಒಂದು ಮಾತು ಬದಲಾಗದೆ ಇರದು. ಏಕತಾರಿಗೆ ಇರುವುದು ಒಂದೇ ತಂತಿ, ಒಂದೇ ಶ್ರುತಿ. ಹಾಡುಗ ಅತ್ತರೂ ನಕ್ಕರೂ ಅದು ತನ್ನ ಒಂದೇ ಸ್ವರವನ್ನು ಬಿಡುವುದಿಲ್ಲ. ಪದದ ಅರ್ಥ ಹೀಗೆಂದು ಅದು ಯಾರಿಗೂ ಹೇಳಿಕೊಡುವುದಿಲ್ಲ. ಗಿಟಾರಿನಲ್ಲಿ ಆರು ತಂತಿ. ಮೂರು-ನಾಲ್ಕು ಸ್ವರಗಳು ಕೂಡಿ ಒಮ್ಮೆಗೇ ನುಡಿಯುತ್ತವೆ. ಒಂದು ಸ್ವರಮೇಳದಿಂದ ಇನ್ನೊಂದಕ್ಕೆ ಕೈ ಹೊರಳಿದೊಡನೆ ಅದೇ ಪದಕ್ಕೆ ಬೇರೆ ಬಣ್ಣ ಬರುತ್ತದೆ: ಇಲ್ಲಿ ದುಃಖಪಡಿ, ಇಲ್ಲಿ ಸಮಾಧಾನ ತಾಳಿ ಎಂದು ಅದು ಕೇಳುಗನ ಕಿವಿಯಲ್ಲಿ ಸೂಚಿಸುತ್ತದೆ. ಏಕತಾರಿ ಸಾಕ್ಷಿಯಾದರೆ ಗಿಟಾರು ವ್ಯಾಖ್ಯಾನಕಾರ. ಒಗಟಿನ ಸ್ವಭಾವದ ಪದಕ್ಕೆ ವಾಚಾಳಿಯಾದ ವ್ಯಾಖ್ಯಾನಕಾರ ದೊರೆತರೆ ಒಗಟು ಕೆಡುತ್ತದೆ. ಸಡಿಲ ಧಾಟಿಯ ಬೆಲೆ ತಿಳಿಯುವುದು ಇಲ್ಲಿಯೇ. ಸ್ವರಮೇಳಗಳು ಕೆಲವೇ ಇದ್ದು, ಒಂದೊಂದರ ಮೇಲೂ ಸಾಕಷ್ಟು ಹೊತ್ತು ನಿಂತರೆ, ಗಿಟಾರು ಏಕತಾರಿಯ ಹತ್ತಿರಕ್ಕೆ ಬರುತ್ತದೆ. ಮಾತಿಗೆ ಎಡೆ ಸಿಗುತ್ತದೆ. ದೀಕ್ಷಿತರ ಮಾಳಿಗೆಯ ಪದ ಮನಸ್ಸಿಗೆ ತಟ್ಟುವುದು ಅದು ಅವಸರಪಡದೆ ಇರುವುದರಿಂದ. ಅದೇ ಗಾಯಕರು ಗುಡಗುಡಿಯ ಪದವನ್ನು ಕುಣಿತದ ವೇಗಕ್ಕೇರಿಸಿದಾಗ, ಕಾಲು ಹೆಜ್ಜೆ ಹಾಕುತ್ತದೆ ನಿಜ, ಆದರೆ ಕೆಂಡದ ಮೇಲಿನ ಬುದ್ಧಿಯ ಕಡೆ ಗಮನ ಅಷ್ಟಾಗಿ ಹೋಗುವುದಿಲ್ಲ. ಒಂದೇ ಆಲ್ಬಮ್ಮಿನಲ್ಲಿ ಲಾಭವೂ ಇದೆ, ನಷ್ಟವೂ ಇದೆ.

ನಷ್ಟದ ಲೆಕ್ಕದಲ್ಲಿ ಇನ್ನೊಂದನ್ನು ಸೇರಿಸಬೇಕು. ನಮ್ಮ ಭಜನೆಯಲ್ಲಿ ಪದ ಹಾಡಿ ಮುಗಿಸಿದರೆ ಕೆಲಸ ಮುಗಿಯುವುದಿಲ್ಲ. ಒಬ್ಬ ಹಿರಿಯರು ಅರ್ಥ ಹೇಳುತ್ತಾರೆ, ಇನ್ನೊಬ್ಬರು ಅದನ್ನು ಖಂಡಿಸುತ್ತಾರೆ, ಅದಕ್ಕೆ ಉತ್ತರವಾಗಿ ಮತ್ತೊಂದು ಪದ ಬರುತ್ತದೆ. ಒಮ್ಮೊಮ್ಮೆ ಬೆಳಗಾಗುವುದೂ ಉಂಟು. ಆಲ್ಬಮ್ಮಿಗೆ ಎದುರು ಮಾತಾಡುವವರಿಲ್ಲ. ಅದು ನಾಲ್ಕೈದು ನಿಮಿಷದಲ್ಲಿ ಹಾಡಿ ಸುಮ್ಮನಾಗುತ್ತದೆ. ಅರ್ಥ ಹೇಳುವ ಹೊಣೆ ಕೇಳುಗನ ಪಾಲಿಗೆ ಬೀಳುತ್ತದೆ. ಅವನು ಅದನ್ನು ಹೊರದಿದ್ದರೆ ಉಳಿಯುವುದು ಬರಿಯ ನಾದ.

ಹಾಗಾದರೆ ನಮ್ಮ ಹಿರಿಯರ ಪ್ರಶ್ನೆಗೆ ಉತ್ತರವೇನು? ಅದನ್ನು ನಮ್ಮ ಊರಿಗೂ ಹಾಕಿ ನೋಡಬೇಕೆಂದು ನನಗೆ ಆಮೇಲೆ ತೋಚಿತು. ಉಗಾರ ಖುರ್ದ ಕೃಷ್ಣೆಯ ದಂಡೆಯ ಊರು. ಮೀರಜ-ಬೆಳಗಾವಿ ರೈಲುಹಾದಿಯ ಮೇಲಿನ ಒಂದು ನಿಲ್ದಾಣ. 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರಖಾನೆ ಊರಿನ ಚಹರೆಯನ್ನೇ ಬದಲಿಸಿತು. ಕಬ್ಬಿನ ಹಂಗಾಮಿನಲ್ಲಿ ಹಗಲು-ರಾತ್ರಿ ಸಾಲುಗಟ್ಟಿ ಬರುವ ಟ್ರ್ಯಾಕ್ಟರುಗಳ ಮೇಲೆ ಧ್ವನಿವರ್ಧಕಗಳು ಎದೆ ನಡುಗುವಂತೆ ಕೂಗುತ್ತವೆ. ಮರಾಠಿ ಹಾಡು ಮುಗಿದರೆ ಕನ್ನಡದ್ದು, ಅದು ಮುಗಿದರೆ ಹಿಂದಿ. ಯಾವುದರ ಮಾತೂ ಕಿವಿಗೆ ನಿಲುಕದು. ತಂಬೂರಿ-ಸಿತಾರುಗಳನ್ನು ಮಾಡುವ ಮೀರಜ ಇಲ್ಲಿಂದ ಕೆಲವೇ ನಿಲ್ದಾಣಗಳ ದೂರ. ಕಿರಾಣಾ ಘರಾಣೆಯ ಅಬ್ದುಲ್ ಕರೀಂಖಾನರು ನೆಲೆಸಿದ ಊರು ಅದು. ಒಂದು ಸ್ವರದ ಮೇಲೆ ನಿಧಾನವಾಗಿ ನಿಲ್ಲುವ ವಿದ್ಯೆಯನ್ನು ಕಲಿಸಿದ ಆ ನೆರೆಯಲ್ಲಿಯೇ ನಾವು ನಿಲ್ಲುವುದನ್ನು ಮರೆಯುತ್ತಿದ್ದೇವೆ. ಹೀಗಿರುವಾಗ, ಅಬ್ಬರದ ನಡುವೆ ಧ್ವನಿ ತಗ್ಗಿಸಿ ಹಾಡಿದ ಆಲ್ಬಮ್ಮಿನ ಮೇಲೆ ಊರು ಬಿಟ್ಟ ಹಾಡೆಂದು ತಪ್ಪು ಹೊರಿಸುವ ಹಕ್ಕು ನಮಗಿದೆಯೆ?

ಮಾಳಿಗೆಯ ಮಾತೂ ಹಾಗೆಯೇ. 2019ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದಾಗ ನದೀತೀರದ ಊರುಗಳಲ್ಲಿ ನೀರು ನಿಂತು ಮಣ್ಣಿನ ಗೋಡೆಗಳು ಕರಗಿ ಕುಸಿದವು. ಬಿದ್ದ ಮನೆಗಳ ಜಾಗದಲ್ಲಿ ಎದ್ದ ಹೊಸ ಮನೆಗಳಿಗೆ ಬಹುಮಟ್ಟಿಗೆ ಸಿಮೆಂಟಿನ ಸ್ಲ್ಯಾಬು, ಇಲ್ಲವೆ ತಗಡು. ತೊಲೆ, ಜಂತಿ ಎಂಬ ಮಾತುಗಳು ನಮ್ಮ ಮಕ್ಕಳ ಬಾಯಿಂದ ಮೆಲ್ಲನೆ ಜಾರುತ್ತಿವೆ. ಇನ್ನು ಕೆಲವು ವರ್ಷಗಳಲ್ಲಿ ನಮ್ಮ ಭಜನೆಯಲ್ಲಿಯೂ ಮಣ್ಣಿನ ಮಾಳಿಗೆಯ ಕೆಳಗೆ ಮಲಗಿದವರು ಯಾರೂ ಇರಲಾರರು. ಆಗ ಹಿರಿಯರ ಪ್ರಶ್ನೆ ಮೈಸೂರಿನ ಗಾಯಕರಿಗೆ ಹೇಗೋ ನಮ್ಮ ಮೇಳಕ್ಕೂ ಹಾಗೆಯೇ ಅನ್ವಯಿಸುತ್ತದೆ.

ಮುಂದಿನ ಸೋಮವಾರ ಈ ಮಾತನ್ನು ಹಿರಿಯರ ಮುಂದೆ ಇಟ್ಟೆ. ಅವರು ತಾಳವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಸ್ಲ್ಯಾಬ ಹಾಕಿದರ ಮನಿ ಸೋರೂದು ನಿಂತೀತು ಮಾಸ್ತರ, ಮನಶ್ಯಾ ಸೋರೂದು ನಿಲ್ಲತೈತೇನು?" ಎಂದರು. ಆಮೇಲೆ ಆ ತರುಣನನ್ನು ಹತ್ತಿರ ಕರೆದು, ಪದದ ಮೊದಲ ನುಡಿಯಿಂದ ಅರ್ಥ ಹೇಳತೊಡಗಿದರು. ಅವನು ಅಲ್ಲಲ್ಲಿ ತಡೆದು ಪ್ರಶ್ನೆ ಕೇಳುತ್ತಿದ್ದ. ಮೊಬೈಲಿನ ಹಾಡು ಕೇಳದಿದ್ದರೆ ಆತ ಆ ದಿನ ಗುಡಿಗೆ ಬರುತ್ತಿದ್ದನೋ ಇಲ್ಲವೋ, ನಾನು ಹೇಳಲಾರೆ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಈ ಆಲ್ಬಮ್ಮನ್ನು ಒಮ್ಮೆ ಕೇಳಿ. ಕೇಳಿದ ಮೇಲೆ ಶರೀಫರ ಪದಗಳ ಪುಸ್ತಕ ತೆಗೆದು ಅದೇ ಪದವನ್ನು ಯಾವ ವಾದ್ಯವೂ ಇಲ್ಲದೆ ನಿಧಾನವಾಗಿ ಓದಿ. ಸಾಧ್ಯವಾದರೆ ಹತ್ತಿರದ ಭಜನೆಯ ಮೇಳಕ್ಕೆ ಹೋಗಿ ಮೂರನೆಯ ಸಲ ಕೇಳಿ, ಅರ್ಥ ಹೇಳುವವರೆಗೆ ಎದ್ದುಬರಬೇಡಿ. ಮಣ್ಣಿನ ಮಾಳಿಗೆಗೆ ವರ್ಷಕ್ಕೊಮ್ಮೆ ಮಣ್ಣು ಹಾಕುವಂತೆ, ಹಳೆಯ ಪದಗಳಿಗೂ ತಲೆಮಾರಿಗೊಮ್ಮೆ ಯಾರಾದರೂ ಮೇಲೆ ಹತ್ತಿ ಕೆಲಸ ಮಾಡಬೇಕಾಗುತ್ತದೆ. ಹತ್ತಿದವರ ಕೈಯಲ್ಲಿರುವುದು ಏಕತಾರಿಯೋ ಗಿಟಾರೋ ಎಂಬುದಕ್ಕಿಂತ, ಅವರು ಮಳೆಗೆ ಮುಂಚೆ ಹತ್ತಿದರೆ ಇಲ್ಲವೆ ಎಂಬುದು ಮುಖ್ಯ.